ಕಿಂಡಿ ಮುಚ್ಚೋ ಕೆಲಸ

ಹಲ್ಲಿಲ್ಲ, ಹೊಟ್ಟೆಯಿಲ್ಲ, ಆದ್ರೂ ದಿನಾ ಒಂದು ಕಾಲೇಜನ್ನೇ ನುಂಗಿ ಉಗುಳುತ್ತೆ. ಏನದು? ಬಿಡಿ, ನಿಮ್ಮಿಂದಾಗಲ್ಲ. ಕೆಂಗೇರಿ ಕಡೆಯ ಒಂದು ಹಳೇ ವಿಶ್ವವಿದ್ಯಾಲಯದ ಗೋಡೇಲಿ ಹುಡುಗ್ರು ನುಗ್ಗಿ ಓಡಾಡೋ ಕಿಂಡಿ ಅದು.

ಗೋಡೆಯ ಆ ಕಡೆ ಕಲ್ಲಿನ ಹಳೇ ಕಟ್ಟಡ, ಈ ಕಡೆ ಲೈಬ್ರರಿ. ಇಲ್ಲೇ ಓದಿದ ಅಜ್ಜಿಯೊಬ್ಬರು ದಾನ ಕೊಟ್ಟು ಕಟ್ಟಡ ರಿಪೇರಿ ಮಾಡಿಸಿ, ಎರಡನ್ನೂ ಸೇರಿಸೋ ದಾರಿ ಹಾಕಿಸ್ತಾ ಇದ್ರು. ಪರೀಕ್ಷೇಲಿ ಸೊನ್ನೆ ತಗೊಂಡ ನಾನು ಅಲ್ಲಿ ಸುಣ್ಣ ಕಲಸ್ತಿದ್ದೆ.

ಇಂಜಿನಿಯರ್ ಸಾರ್ ನಕ್ಷೇಲಿ ದಾರಿ ಇಡೀ ಗೋಡೆ ಸುತ್ತಿ ಹೋಗ್ತಿತ್ತು. "ಕಿಂಡಿ ಮುಚ್ಚೋ," ಅಂದ್ರು.

ಮುಚ್ಚಿದ್ರೆ ಅದರಲ್ಲೇ ಓಡಾಡಿ ಟೀ ಮಾರೋ ಮಂಡಿನೋವಿನ ಆಂಟಿ ಫ್ಲಾಸ್ಕ್ ಹೊತ್ಕೊಂಡು ಅಷ್ಟು ದೂರ ಸುತ್ತಬೇಕು. ಮುಚ್ಚಲ್ಲ ಅಂತ ಗಟ್ಟಿ ಮಾಡ್ಕೊಂಡೆ.

"ಸುಣ್ಣದ ಗಾರೆ ಇನ್ನೂ ಹದಕ್ಕೆ ಬಂದಿಲ್ಲ ಸಾರ್. ಹಳೇ ಗೋಡೆಗೆ ಸಿಮೆಂಟ್ ಬೇಡ ಅಂತ ನೀವೇ ಹೇಳಿದ್ರಲ್ಲ."

ಅಜ್ಜಿ ಕೆಲಸ ನೋಡೋಕೆ ಬರೋ ದಿನ ಬೆಳಿಗ್ಗೆ ಕಿಂಡಿ ಮುಂದೆ ಒಂದು ಬಾಂಡ್ಲಿ ಸುಣ್ಣದ ಪುಡಿ ಸುರಿದೆ. ಹತ್ತು ಗಂಟೆಗೆಲ್ಲಾ ಅಲ್ಲಿಂದ ಲೈಬ್ರರಿ ಮೆಟ್ಟಿಲವರೆಗೂ ಬಿಳಿ ಹೆಜ್ಜೆಗಳು.

"ಯಾವನೋ ಇದನ್ನ ಮಾಡಿದ್ದು?" ಸಾರ್ ಕಿರುಚಿದ್ರು.

"ಚೆಲ್ಲೋಯ್ತು ಸಾರ್. ಹುಡುಗ್ರು ನಿಮ್ಮ ನಕ್ಷೆ ತಿದ್ದಿಬಿಟ್ಟವ್ರೆ!"

ಅಷ್ಟರಲ್ಲಿ ಬಂದ ಅಜ್ಜಿ ಹೆಜ್ಜೆಗಳನ್ನೇ ನೋಡ್ತಾ ನಿಂತ್ರು. ಆಮೇಲೆ ಸೀರೆ ಎತ್ತಿಕಟ್ಟಿ ಕಿಂಡಿಯೊಳಗೆ ನುಗ್ಗಿ, "ದಾರಿ ಇಲ್ಲೇ ಇದೆಯಲ್ಲಪ್ಪಾ, ಒಂದು ಬಾಗಿಲಿಡಿ!" ಅಂದ್ರು.

ಅಜ್ಜಿ ನುಗ್ಗಿದ್ದು ಮಾತ್ರ ನಾನು ಕಟ್ಟಿದ ಕತೆ. ನಿಜವಾಗಿ ಅವರು ನಕ್ಕು, "ಯೋಚನೆ ಮಾಡೋಣ," ಅಂತ ಕಾರ್ ಹತ್ತಿದ್ರು. ಇನ್ನೂ ಯೋಚನೆ ಮಾಡ್ತಾನೇ ಇದ್ದಾರೆ. ಅಲ್ಲಿವರೆಗೂ ನನ್ನ ಗಾರೆ ಹದಕ್ಕೆ ಬರಲ್ಲ.