ಸೇತುವೆಯಾಚೆಯ ದೊಡ್ಡಮ್ಮ

ಸೊಗಡಿನ ಅವರೆಕಾಯಿಯ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಕಾಲು ನಿಲ್ಲುತ್ತದೆ. ಜೆ.ಪಿ. ನಗರಕ್ಕೂ ಪುಟ್ಟೇನಹಳ್ಳಿಗೂ ನಡುವೆ ಕಾಲುವೆಯ ಮೇಲೆ ಆಗ ಕಲ್ಲಿನ ಕಮಾನು ಸೇತುವೆಯೊಂದಿತ್ತು. ಮಹಾರಾಜರ ಕಾಲದ್ದು ಎನ್ನುತ್ತಿದ್ದರು. ಚಳಿಗಾಲದಲ್ಲಿ ಅದರ ಮೋಟುಗೋಡೆಯುದ್ದಕ್ಕೂ ಅವರೆಕಾಯಿ ರಾಶಿ ಬೀಳುತ್ತಿತ್ತು. ಈಚೆ ನಮ್ಮ ಮನೆ, ಆಚೆ ಅಪ್ಪನ ಅಣ್ಣನ ಮನೆ. ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದುದರಿಂದ ನನ್ನನ್ನು ಸಾಕಿದವಳು ಮಕ್ಕಳಿಲ್ಲದ ದೊಡ್ಡಮ್ಮ. ಸಾರು ಕುದಿಯುವ ಆ ಅಡುಗೆಮನೆಯಲ್ಲಿ, ಅವಳ ಮಗ್ಗುಲಲ್ಲಿ ಕೂತು, ನೆನೆದ ಅವರೆಕಾಳು ಹಿತುಕುತ್ತಲೇ ನಾನು ಮಾತು ಕಲಿತೆ. ಮಲಗುವುದಕ್ಕೆ ಮಾತ್ರ ಸೇತುವೆ ದಾಟಿ ಈಚೆ ಬರುತ್ತಿದ್ದೆ. ನಿಮಗೂ ಅಂಥದೊಂದು ಎರಡನೇ ಮನೆ ಇದ್ದಿರಬಹುದು.

ನನಗೆ ಒಂಬತ್ತು ವರ್ಷವಾಗಿದ್ದಾಗ ಆಚೆ ಮನೆಯಲ್ಲಿದ್ದ ಅಜ್ಜಿ ತೀರಿಕೊಂಡಳು. ಫ್ಯಾಕ್ಟರಿಯಲ್ಲಿದ್ದ ಅಪ್ಪನಿಗೆ ಸುದ್ದಿ ಮುಟ್ಟಿದ್ದು ತಡವಾಗಿ. ಬಿಸಿಲೇರುತ್ತಿದೆ, ಇನ್ನು ಕಾಯುವುದು ಬೇಡವೆಂದು ಹಿರಿಯರು ಅಂದರಂತೆ. ಅಪ್ಪ ಸ್ಮಶಾನಕ್ಕೆ ಬರುವಷ್ಟರಲ್ಲಿ ದೊಡ್ಡಪ್ಪ ಕೊಳ್ಳಿ ಇಟ್ಟಾಗಿತ್ತು. ತಾಯಿಯ ಮುಖ ಕಾಣದ ಅಪ್ಪ ಅಲ್ಲೇ ಅಣ್ಣನ ಸಂಬಂಧ ಕಡಿದುಕೊಂಡರು. ಮರುದಿನದಿಂದ ನಾನು ಸೇತುವೆ ದಾಟಕೂಡದಾಯಿತು.

ದೊಡ್ಡಮ್ಮ ಒಂದು ವರ್ಷ ತಡೆದುಕೊಂಡಳು. ಮುಂದಿನ ಅವರೆಕಾಲದಲ್ಲಿ ಒಂದು ಸಂಜೆ ನಾನು ಅಪ್ಪನ ಕೈ ಹಿಡಿದು ಕಾಯಿ ಕೊಳ್ಳಲು ಹೋದಾಗ ಅವಳು ಸೇತುವೆಯ ನಡುವೆ ನಿಂತಿದ್ದಳು, ಕೈಯಲ್ಲೊಂದು ಸ್ಟೀಲ್ ಡಬ್ಬಿ.

“ಪುಟ್ಟಿ, ಬಾ ಇಲ್ಲಿ,” ಎಂದಳು.

ಅಪ್ಪ ಅವಳತ್ತ ನೋಡದೆ ನನ್ನನ್ನು ಕೇಳಿದರು: “ಯಾರಮ್ಮ ಅದು? ನಿಂಗೆ ಗೊತ್ತಾ?” ಅವರ ಹಿಡಿತ ಬಿಗಿಯಾಯಿತು.

“ಗೊತ್ತಿಲ್ಲಪ್ಪ,” ಎಂದೆ.

ದೊಡ್ಡಮ್ಮನಿಗೆ ಕೇಳಿಸಿತು. ಡಬ್ಬಿಯನ್ನು ಸೆರಗಿನೊಳಗೆ ಸೇರಿಸಿಕೊಂಡು ತಿರುಗಿ ನಡೆದಳು. ಅಪ್ಪ ಅಂದು ನನಗೆ ಕಡಲೆಮಿಠಾಯಿ ಕೊಡಿಸಿದರು. ನಾನು ತಿಂದೆ.

ಅವಳು ಮತ್ತೆ ಬರಲಿಲ್ಲ. ನಾಲ್ಕು ವರ್ಷದ ಮೇಲೆ ಸತ್ತಾಗಲೂ ಅಪ್ಪ ನಮ್ಮನ್ನು ಕಳಿಸಲಿಲ್ಲ. ಈಗ ಆ ಸೇತುವೆಯನ್ನು ಒಡೆದು ಅಗಲ ಮಾಡಿದ್ದಾರೆ. ದೊಡ್ಡಮ್ಮನ ಅಡುಗೆಮನೆಯೂ ಆ ಅಗಲಕ್ಕೆ ಹೋಯಿತು. ಅದಕ್ಕೂ ಮೊದಲು, ನನ್ನ ಮದುವೆಯಲ್ಲಿ, ಯಾರೋ ನೆಂಟರು ಕೈ ಹಿಡಿದು ಕೂರಿಸಿದ್ದಕ್ಕೆ ಅಪ್ಪನೂ ದೊಡ್ಡಪ್ಪನೂ ಒಂದೇ ಪಂಕ್ತಿಯಲ್ಲಿ ಉಂಡರು, ಹಳೆಯ ತಮಾಷೆ ನೆನೆದು ನಕ್ಕರು. ಅಷ್ಟು ಸುಲಭವಿತ್ತು. ಊಟವಾದ ಮೇಲೆ ನಾನು ದೊಡ್ಡಪ್ಪನನ್ನು ಕೇಳಿದೆ, ಅವತ್ತು ಸೇತುವೆಯಿಂದ ಮನೆಗೆ ಹೋಗಿ ದೊಡ್ಡಮ್ಮ ಏನಂದಳು ಎಂದು.

“ಏನೂ ಅನ್ಲಿಲ್ಲಮ್ಮ. ಮಗು ಎತ್ತರ ಆಗಿದೆ, ಲಂಗ ಗಿಡ್ಡ ಆಗಿದೆ, ಒಂದು ಹೊಲೀಬೇಕು ಅಂದ್ಲು.”

ಹೊಲಿದಳೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.