ಸುಜಾತಾ ಸಾಕ್ಷಿ, ನಾನು ಜಡ್ಜು

"ಅಮ್ಮಾ, ತಪ್ಪೇ ಮಾಡದೆ ಇರೋರಿಗೆ ಶಿಕ್ಷೆ ಕೊಟ್ರೆ ಆಮೇಲೆ ಏನ್ ಮಾಡ್ಬೇಕು?"

ಹೋದ ಭಾನುವಾರ ಬೆಳಿಗ್ಗೆ ನಾನು ಹೀರೇಕಾಯಿ ಹೆರೆಯುತ್ತಿದ್ದಾಗ ಮಗಳು ಕೇಳಿದ ಪ್ರಶ್ನೆ ಇದು. ಗಾಬರಿಯಾಗಬೇಡಿ, ಯಾರೂ ಜೈಲಿಗೆ ಹೋಗಿಲ್ಲ. ಮರುದಿನ ಅವಳಿಗೆ ಹಿಸ್ಟರಿ ಪರೀಕ್ಷೆ. ಪಾಠದ ಹೆಸರು ಅಪರಾಧ ಮತ್ತು ಶಿಕ್ಷೆ.

ಅನಘಾಗೆ ಹದಿನಾಲ್ಕು ವರ್ಷ. ಪುಸ್ತಕ ಡೈನಿಂಗ್ ಟೇಬಲ್ ಮೇಲೆ, ಕಾಲು ಇನ್ನೊಂದು ಕುರ್ಚಿಯ ಮೇಲೆ, ಹೈಲೈಟರ್ ಬಾಯಲ್ಲಿ. ಇದು ಅವಳು ಓದುವ ಭಂಗಿ. ಪ್ರಶ್ನೆ ಕೇಳುವುದು ನನ್ನ ಕೆಲಸ. (ಉತ್ತರ ಸರಿಯೋ ತಪ್ಪೋ ನನಗೆ ತಿಳಿಯುವುದಿಲ್ಲ. ನೋಟ್ಸ್ ನೋಡಿಕೊಂಡು ತಲೆಯಾಡಿಸುತ್ತೇನೆ.)

ಪಾಠ ಮಜವಾಗಿಯೇ ಇತ್ತು. ಬ್ರಿಟಿಷರು ಇಂಡಿಯಾದ ಕೈದಿಗಳನ್ನು ಹಡಗಿಗೆ ತುಂಬಿ ಇಲ್ಲಿಗೆ ಕಳಿಸುತ್ತಿದ್ದರಂತೆ. ಅವರು ರಸ್ತೆ ಹಾಕಿದರು, ಕಟ್ಟಡ ಕಟ್ಟಿದರು. ಕರಿನೀರಿನ ಶಿಕ್ಷೆ ಎಂದರೆ ಅಂಡಮಾನ್ ಮಾತ್ರ ಎಂದುಕೊಂಡಿದ್ದೆ. ನೋಡಿದರೆ ನಾವಿರುವ ಸಿಂಗಪುರವೂ ಆ ಲಿಸ್ಟಿನಲ್ಲಿದೆ!

"ಅಂದ್ರೆ ಅಪ್ಪನ ಥರ?" ಅಂದಳು.

"ಅಪ್ಪ ಬಂದಿದ್ದು ಬ್ಯಾಂಕ್ ಕೆಲಸಕ್ಕೆ ಕಣೇ."

"ಸೇಮ್ ಲಾ. ಸಂಡೇನೂ ಬಿಡಲ್ಲ ಅವರನ್ನ." (ಈ 'ಲಾ' ಇಲ್ಲಿನವರ ಮಾತಿನ ಬಾಲ.)

ಮುಂದಿನ ಪ್ರಶ್ನೆ ಒಂದು ಸೋರ್ಸಿನ ಬಗ್ಗೆ. ಯಾವನೋ ಜೈಲಧಿಕಾರಿ, ನಮ್ಮ ಕೈದಿಗಳು ಬಹಳ ಸುಖವಾಗಿದ್ದಾರೆ ಎಂದು ಬರೆದಿದ್ದಾನೆ. ಅದನ್ನು ಎಷ್ಟು ನಂಬಬಹುದು? ಅನಘಾ ಪಟಪಟ ಹೇಳಿದಳು. ಹೇಳಿದವರು ಯಾರು, ಕಣ್ಣಾರೆ ಕಂಡಿದ್ದಾರಾ, ಬೇರೆಯವರು ಏನು ಹೇಳುತ್ತಾರೆ, ಎಲ್ಲ ನೋಡಬೇಕಂತೆ. "ಒಂದೇ ಸೋರ್ಸ್ ನಂಬ್ಕೊಂಡು ಬರೆದ್ರೆ ಟೀಚರ್ ಮಾರ್ಕ್ಸೇ ಕೊಡಲ್ಲ ಅಮ್ಮ." ಅದರ ಬೆನ್ನಿಗೇ ಬಂದದ್ದು ಮೇಲಿನ ಪ್ರಶ್ನೆ.

ನನ್ನ ಕೈ ನಿಂತುಹೋಯಿತು. ಯಾಕೆ ಅಂತೀರಾ? ಹೇಳಲೇಬೇಕು.

ಫೆಬ್ರವರಿಯ ಒಂದು ಶನಿವಾರ ಸುಜಾತಾ ಫೋನ್ ಮಾಡಿದರು. ಪುಂಗೋಲ್‌ನಲ್ಲಿರುವ ಗೆಳತಿ, ಕನ್ನಡ ಸಂಘದಲ್ಲಿ ಪರಿಚಯ. "ರೀ, ನಿಮ್ಮ ಅನಘಾಗೆ ಇವತ್ತು ಹಿಂದಿ ಕ್ಲಾಸ್ ಇಲ್ವಾ? ಯಿಶುನ್ ಎಂಆರ್‌ಟಿ ಸ್ಟೇಷನ್ ಹತ್ರ ಬಬಲ್ ಟೀ ಕುಡೀತಾ ನಿಂತಿದ್ಲು. ಜೊತೇಲಿ ಒಬ್ಬ ಹುಡುಗ. ನಾನು ಬಸ್ಸಲ್ಲಿದ್ದೆ, ಇಲ್ದಿದ್ರೆ ಮಾತಾಡಿಸ್ತಿದ್ದೆ."

ಹಿಂದಿ ಕ್ಲಾಸ್ ಇತ್ತು. ಇಲ್ಲಿನ ಶಾಲೆಗಳಲ್ಲಿ ಕನ್ನಡ ಇಲ್ಲ, ಹಾಗಾಗಿ ನಮ್ಮ ಮಕ್ಕಳು ಯೂನಿಫಾರ್ಮ್ ಹಾಕಿಕೊಂಡು ಶನಿವಾರ ಬೇರೆ ಶಾಲೆಗೆ ಹೋಗಿ ಮಾತೃಭಾಷೆ ಎಂದು ಹಿಂದಿ ಕಲಿಯುತ್ತಾರೆ. (ನಗಬೇಡಿ.)

ಮಧ್ಯಾಹ್ನ ಅನಘಾ ಮನೆಗೆ ಬಂದಳು. ಶೂ ಬಿಚ್ಚುವ ಮೊದಲೇ ವಿಚಾರಣೆ ಶುರು.

"ಎಲ್ಲಿದ್ದೆ?"

"ಕ್ಲಾಸಲ್ಲಿ."

"ನೋಡಿದವರು ಹೇಳಿದಾರೆ."

"ಯಾರು ನೋಡಿದ್ದು?"

"ಯಾರಾದ್ರೇನು? ಸುಳ್ಳು ಬೇರೆ ಹೇಳ್ತೀಯಾ?"

ಎರಡು ವಾರ ಹೊರಗೆ ಹೋಗುವಂತಿಲ್ಲ, ಕಂಪ್ಯೂಟರ್ ಮುಟ್ಟುವಂತಿಲ್ಲ ಎಂದೆ. ಅವಳು ಮತ್ತೆ "ನಾನು ಕ್ಲಾಸಲ್ಲೇ ಇದ್ದೆ" ಎಂದಳು. ಸುಳ್ಳಿಗೆ ಇನ್ನೆರಡು ವಾರ ಸೇರಿಸಿದೆ. ಹಿಂದಿ ಟೀಚರಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಪರದೇಶದಲ್ಲಿ ಮಗಳು ಕೈತಪ್ಪಿದರೆ ಏನು ಗತಿ ಎಂಬ ಭಯ ಒಂದು ಕಡೆ. ಸಂಘದಲ್ಲಿ ನಾಲ್ಕು ಜನರಿಗೆ ಗೊತ್ತಾದರೆ ಎಂಬ ಭಯ ಅದಕ್ಕಿಂತ ದೊಡ್ಡದು.

ಆ ನಾಲ್ಕು ವಾರದ ನಡುವೆಯೇ ಹ್ವೀ ಮಿನ್ ಊರು ಬಿಟ್ಟಳು. ಒಂದನೇ ಕ್ಲಾಸಿನಿಂದ ಅನಘಾಳ ಪಕ್ಕದಲ್ಲೇ ಕೂತ ಹುಡುಗಿ. ಮನೆಯವರೆಲ್ಲ ಪರ್ತ್‌ಗೆ ಹೊರಟಿದ್ದರು, ಶಾಶ್ವತವಾಗಿ. ಭಾನುವಾರ ಮಧ್ಯಾಹ್ನ ಇಡೀ ಕ್ಲಾಸು ಅವಳನ್ನು ಬೀಳ್ಕೊಡಲು ಚಾಂಗಿ ಏರ್‌ಪೋರ್ಟಿಗೆ ಹೋಯಿತು.

"ಎರಡೇ ಗಂಟೆ ಅಮ್ಮ, ಪ್ಲೀಸ್. ನೀನೂ ಬಾ ಬೇಕಾದ್ರೆ."

"ಹಿಂದಿ ಕ್ಲಾಸಿಗೆ ಹೋಗೋಕಾಗಲ್ಲ, ಏರ್‌ಪೋರ್ಟಿಗೆ ಹೋಗೋಕಾಗತ್ತಾ?"

ಎಂಥ ಮಾತು ನೋಡಿ! ಆಡಿದಾಗ ಬಹಳ ಚುರುಕಾದ ಮಾತು ಅನ್ನಿಸಿತ್ತು. ಅವಳು ಆಮೇಲೆ ಕೇಳಲಿಲ್ಲ.

ವಿಮಾನ ಹಾರಿ ಎರಡು ದಿನಕ್ಕೆ ಸುಜಾತಾ ಮತ್ತೆ ಫೋನ್ ಮಾಡಿದರು. "ಛೇ, ಅವತ್ತು ನೋಡಿದ್ದು ನಿಮ್ಮ ಹುಡುಗಿ ಅಲ್ಲ ಕಣ್ರೀ. ಇವತ್ತು ಆ ಹುಡುಗೀನ ಹತ್ತಿರದಿಂದ ನೋಡ್ದೆ. ಅದೇ ಯೂನಿಫಾರ್ಮ್, ಅದೇ ಥರ ಎರಡು ಜಡೆ. ನೀವೇನೂ ಬೈದಿಲ್ಲ ತಾನೇ?"

"ಇಲ್ಲಪ್ಪ" ಎಂದೆ. ಆಗ ಹಿಂದಿ ಟೀಚರಿಗೆ ಫೋನ್ ಮಾಡಿದೆ. ಒಂದು ಶನಿವಾರವೂ ತಪ್ಪಿಸಿರಲಿಲ್ಲ ನನ್ನ ಮಗಳು.

ಈಗ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು, "ಹೋಗ್ಲಿ ಬಿಡು, ಇವತ್ತಿಂದ ಶಿಕ್ಷೆ ಕ್ಯಾನ್ಸಲ್" ಎಂದೆ. ತಪ್ಪೇ ಮಾಡದವಳಿಗೆ ಕ್ಷಮಾದಾನ! ಸಾಲದ್ದಕ್ಕೆ ಹೋಳಿಗೆ ಮಾಡಿದೆ. ನಮ್ಮ ಮನೆಗಳಲ್ಲಿ ದೊಡ್ಡವರು ಚಿಕ್ಕವರ ಹತ್ತಿರ ತಪ್ಪಾಯಿತು ಅನ್ನುವುದಿಲ್ಲ. ಏನಾದರೂ ಸಿಹಿ ಮಾಡಿ ತಟ್ಟೆಗೆ ಹಾಕುತ್ತಾರೆ. ನನ್ನಮ್ಮ ಹಾಗೆ ಮಾಡಿದಳು, ಅವಳಮ್ಮನೂ ಹಾಗೇ ಮಾಡಿರಬೇಕು.

"ಇವತ್ತು ಏನ್ ಹಬ್ಬ?" ಎಂದು ಕೇಳಿದಳು ಅನಘಾ.

"ಸುಮ್ನೆ. ತಿನ್ನು."

ಹಾಗೆ ಮುಚ್ಚಿಟ್ಟದ್ದು ಹೋದ ಭಾನುವಾರ ನಾಲಿಗೆಗೆ ಬಂತು. ಹೀರೇಕಾಯಿ ಕೆಳಗಿಟ್ಟೆ.

"ಅನೂ, ಅವತ್ತಿನ ಬಬಲ್ ಟೀ ವಿಷಯ. ಅದು ನೀನಲ್ಲ ಅಂತ ನಂಗೆ ಆಮೇಲೆ ಗೊತ್ತಾಯ್ತು."

ಪುಸ್ತಕದಿಂದ ತಲೆ ಎತ್ತಲಿಲ್ಲ. "ಗೊತ್ತು."

"ಏನು ಗೊತ್ತು?"

"ಯುಗಾದಿ ಊಟದಲ್ಲಿ ಸುಜಾತಾ ಆಂಟಿ ನಂಗೆ ಸಾರಿ ಹೇಳಿದ್ರು. ನಿಮ್ಮಮ್ಮನಿಗೂ ಹೇಳಿದೀನಿ ಅಂದ್ರು."

"ಮತ್ತೆ ನನ್ನ ಯಾಕೆ ಕೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ವೇಟ್ ಮಾಡ್ತಿದ್ದೆ."

ಆರು ತಿಂಗಳು! ದಿನಾ ನಾನು ಬಡಿಸಿದ್ದನ್ನು ಉಣ್ಣುತ್ತಾ ನನ್ನನ್ನು ಕಾದಿದ್ದಾಳೆ.

"ತಪ್ಪಾಯ್ತು ಕಣೇ" ಎಂದೆ. ನನಗಿಂತ ಚಿಕ್ಕವರಿಗೆ ಈ ಮಾತು ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ಅವಳು "ಓಕೆ" ಎಂದು ಪುಟ ತಿರುಗಿಸಿದಳು. ಅಲ್ಲಿಗೆ ಸುಮ್ಮನಿರದೆ, ಹ್ವೀ ಮಿನ್ ಹೇಗಿದ್ದಾಳೆ ಎಂದು ಕೇಳಿದೆ.

"ಗೊತ್ತಿಲ್ಲ. ಹೋದ್ಮೇಲೆ ಒಂದು ಮೇಲ್ ಮಾಡಿದ್ಲು, ಯಾಕೆ ಬರ್ಲಿಲ್ಲ ಅಂತ. ಜ್ವರ ಬಂದಿತ್ತು ಅಂತ ಬರ್ದೆ."

"ಜ್ವರಾನಾ? ಯಾಕೆ?"

"ಮತ್ತೇನು ಬರೀಲಿ? ನಮ್ಮಮ್ಮ ನನ್ನ ನಂಬ್ಲಿಲ್ಲ ಅಂತಾನಾ?" ಹೈಲೈಟರಿನ ಮುಚ್ಚಳ ಹಾಕಿದಳು, ತೆಗೆದಳು. "ಆದ್ರೆ ಫ್ರೈಡೇನೂ ಮಂಡೇನೂ ನಾನು ಸ್ಕೂಲಲ್ಲಿ ಇದ್ನಲ್ಲ. ಕ್ಲಾಸಲ್ಲಿ ಯಾರೋ ಅವಳಿಗೆ ಹೇಳಿದಾರೆ. ಆಮೇಲೆ ಅವಳು ಬರೀಲೇ ಇಲ್ಲ."

ಸುಳ್ಳು ಹೇಳಿದಳೆಂದು ನಾನು ಎರಡು ವಾರ ಹೆಚ್ಚಿಗೆ ಶಿಕ್ಷೆ ಕೊಟ್ಟವಳು. ನನ್ನ ಮಗಳು ನಿಜಕ್ಕೂ ಹೇಳಿದ ಸುಳ್ಳು ಅದೊಂದೇ. ಅದನ್ನೂ ಹೇಳಿದ್ದು ನನ್ನ ಮಾನ ಉಳಿಸಲು.

ಅವಳಿಂದ ವಿಳಾಸ ಇಸಕೊಂಡು ಅವತ್ತೇ ಹ್ವೀ ಮಿನ್‌ಗೆ ಮೇಲ್ ಬರೆದೆ. ಜ್ವರ ಇರಲಿಲ್ಲ, ತಪ್ಪು ನನ್ನದು, ಅನಘಾಳದಲ್ಲ, ಬರಬೇಕೆಂದು ಬಹಳ ಕೇಳಿಕೊಂಡಿದ್ದಳು ಎಂದೆಲ್ಲ ಬರೆದೆ. ಐದು ದಿನವಾಯಿತು. ಪರೀಕ್ಷೆಯೂ ಮುಗಿಯಿತು. ಉತ್ತರ ಬಂದಿಲ್ಲ. ಅನಘಾ ಒಂದು ಸಲವೂ ಕೇಳಿಲ್ಲ.

ಸ್ವಂತ ಮಗಳ ಮಾತನ್ನೇ ನಂಬದವಳ ಮಾತನ್ನು ಆ ಹುಡುಗಿ ಯಾಕೆ ನಂಬಬೇಕು, ನೀವೇ ಹೇಳಿ?