ಕುರಕುಂಟಾದ ಹುಲ್ಲು, ಶಹಾಬುದ್ದೀನನ ಬಳ್ಳಿ

ಕುರಕುಂಟಾ ಹಳ್ಳಿಯ ದಾನಮ್ಮ ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಕಾಲೊನಿಯ ತೋಟದ ಕೆಲಸಕ್ಕೆ ಸೇರಿದ್ದು ಕಳೆ ಕೀಳುವವಳಾಗಿ. ಹದಿನೆಂಟು ವರ್ಷ ಆಕೆ ಹುಲ್ಲು ಕಿತ್ತು ಬುಟ್ಟಿಗೆ ತುಂಬಿದಳೇ ಹೊರತು ಒಂದು ಎಸಳನ್ನೂ ನೆಟ್ಟವಳಲ್ಲ. ಕರಕಿ ಯಾವುದು, ಜೇಕು ಯಾವುದು ಎಂದು ಬೇರು ಮುಟ್ಟಿದರೆ ಸಾಕು, ಕಣ್ಣು ಮುಚ್ಚಿ ಹೇಳುತ್ತಿದ್ದಳು. ಹೀಗಾಗಿ ಹೊಸದಾಗಿ ಬಂದ ತೋಟದ ಅಧಿಕಾರಿ ಆನಂದಕುಮಾರ ಒಂದು ದಿನ ಆಕೆಯನ್ನು ಕರೆದು ಹುಲ್ಲು ನೆಡಲು ಹೇಳಿದಾಗ ಸಾಹೇಬರು ಚೇಷ್ಟೆ ಮಾಡುತ್ತಿದ್ದಾರೆ ಎಂದೇ ಆಕೆ ತಿಳಿದಳು.

ಚೇಷ್ಟೆಯಾಗಿರಲಿಲ್ಲ. ಕ್ಲಬ್ಬಿನ ಮುಂದೆ ಒಂದು ಇಳಿಜಾರಿತ್ತು. ಪ್ರತಿ ವರ್ಷ ಅಲ್ಲಿ ಲಾನು ಹಾಸುವುದು, ಯುಗಾದಿಯ ಹೊತ್ತಿಗೆ ಅದು ಒಣಗಿ ಹೋಗುವುದು ನಡೆದೇ ಇತ್ತು. ಆನಂದಕುಮಾರ ಹೈದರಾಬಾದಿನ ನರ್ಸರಿಯಿಂದ ನೂರಿಪ್ಪತ್ತು ಪುಟ್ಟ ಕುಂಡಗಳನ್ನು ತರಿಸಿದ್ದ. ಅಮೆರಿಕದ ಬಯಲು ಹುಲ್ಲು. ಅಲ್ಲಿ ಮೈಲಿಗಟ್ಟಲೆ ತಾನೇ ಬೆಳೆಯುತ್ತದಂತೆ, ಚಳಿಗಾಲಕ್ಕೆ ತಾಮ್ರದ ಬಣ್ಣಕ್ಕೆ ತಿರುಗಿ ಗಾಳಿಗೆ ತೂಗುತ್ತದಂತೆ, ನೀರು ಬೇಡುವುದಿಲ್ಲವಂತೆ.

ಹಿರಿಯ ಮಾಲಿ ಶಹಾಬುದ್ದೀನ ಕುಂಡವೊಂದನ್ನು ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟ. "ಸಾಹೇಬ್ರ, ಇದು ದನಾ ತಿನ್ನೋ ಸಾಮಾನು. ನನ್ನ ಬಳ್ಳಿ ಹಚ್ಚಿ ನೋಡ್ರಿ. ವರ್ಷಪೂರ್ತಿ ಹಸರು, ಮ್ಯಾಲ ಹಳದಿ ಹೂವು. ನೆಲಾನೇ ಕಾಣಲ್ಲ."

ಅವನ ಬಳ್ಳಿ ಎಂದರೆ ನರ್ಸರಿಯವರು ವೆಡೇಲಿಯಾ ಅನ್ನುವ, ನೆಲಕ್ಕೆ ಅಂಟಿಕೊಂಡು ಹಬ್ಬುವ ಸಸ್ಯ. ಅದನ್ನು ಶಹಾಬುದ್ದೀನ ಮಗಳಂತೆ ಸಾಕಿದ್ದ. ಆನಂದಕುಮಾರ ಜಗಳ ಬೇಡವೆಂದು ಇಳಿಜಾರನ್ನು ನಡುವಿನ ಮೆಟ್ಟಿಲನ್ನೇ ಗಡಿಯಾಗಿಟ್ಟು ಎರಡು ಮಾಡಿದ. ಎಡಗಡೆ ದಾನಮ್ಮನ ಹುಲ್ಲು, ಬಲಗಡೆ ಶಹಾಬುದ್ದೀನನ ಬಳ್ಳಿ. ಎರಡು ಮಳೆಗಾಲ, ನಡುವೆ ಒಂದು ಬೇಸಿಗೆ ನೋಡುವುದು. ಆಮೇಲೆ ಬರುವ ಜನವರಿಯ ಹೂವಿನ ಪ್ರದರ್ಶನದಲ್ಲಿ ಯಾವುದು ಮೇಲೆಂದು ತೀರ್ಮಾನ.

ಮೊದಲ ಎರಡು ತಿಂಗಳು ದಾನಮ್ಮನಿಗೆ ತಲೆ ಎತ್ತಲಾಗಲಿಲ್ಲ. ಬಳ್ಳಿ ವಾರಕ್ಕೆ ಗೇಣುದ್ದ ಓಡುತ್ತಿತ್ತು. ಹುಲ್ಲು ಮಾತ್ರ ಇಟ್ಟಲ್ಲೇ ಇತ್ತು. ಎರೆಮಣ್ಣು ನೀರು ಹಿಡಿದಿಟ್ಟು ಬುಡ ಕೊಳೆತು, ನಾಗರಪಂಚಮಿಯ ವೇಳೆಗೆ ನಲವತ್ತು ಸಸಿ ಸತ್ತವು. ಆನಂದಕುಮಾರ ಆಗ ತರಬೇತಿಗೆಂದು ಒಂದು ತಿಂಗಳು ಊರಲ್ಲಿರಲಿಲ್ಲ. ಆತ ಬಂದು ನೋಡಿದರೆ ಏನು ಹೇಳುವುದು ಎಂದು ದಾನಮ್ಮನಿಗೆ ಊಟ ಸೇರದಾಯಿತು.

ಒಂದು ರವಿವಾರ ಗಂಡನಿಗೆ ಬುತ್ತಿ ಕೊಡಲು ತಮ್ಮ ಹೊಲಕ್ಕೆ ಹೋದವಳು ಬದುವಿನ ಮೇಲೆ ನಿಂತುಬಿಟ್ಟಳು. ಬದುವಿನುದ್ದಕ್ಕೂ ಕರಡ ಬೆಳೆದಿತ್ತು. ಹುಟ್ಟಿದಾಗಿನಿಂದ ನೋಡಿದ, ಕೊಯ್ದು ಎತ್ತಿಗೆ ಹಾಕಿದ ಅದೇ ಹುಲ್ಲು. ಕುಂತು ಬುಡ ಮುಟ್ಟಿದಳು. ಎಲೆಯ ಅಗಲ, ದಂಟಿನ ಗಂಟು, ಪೊದೆ ಕಟ್ಟುವ ರೀತಿ, ಎಲ್ಲವೂ ಅಮೆರಿಕದ್ದರ ಹತ್ತಿರದ ನೆಂಟನ ಹಾಗೆ. ಇದು ನೂರಾರು ಮಳೆ ಕಂಡ ಎರೆಮಣ್ಣಿನ ಹುಲ್ಲು. ಗಂಡ ಅಂಬಾರಾಯನನ್ನು ಕರೆದು ಸಲಿಕೆ ತರಲು ಹೇಳಿದಳು.

"ಮಂದಿ ಹೊಲದಾಗಿನ ಹುಲ್ಲು ಕಿತ್ತು ಒಗೀತಾರ. ನೀ ಚೀಲದಾಗ ತುಂಬಿ ಕಾಲೊನಿಗಿ ಒಯ್ಲಿಕತ್ತಿ," ಅಂದ ಅಂಬಾರಾಯ, ಬೈಕಿನ ಹಿಂದೆ ಎರಡು ಚೀಲ ಕಟ್ಟುತ್ತ. "ನಿನ್ನ ನೌಕರಿ ಖರೇನ ಭಾಳ ದೊಡ್ಡದು."

ಸತ್ತ ನಲವತ್ತರ ಜಾಗಕ್ಕೆ ಕರಡ ಬಂತು. ಆನಂದಕುಮಾರ ಮರಳಿ ಬಂದು ಇಳಿಜಾರಿನ ಮುಂದೆ ನಿಂತು, "ಭಾಳ ಛಲೋ ಹಿಡದದಲ್ರೀ," ಎಂದ. ದಾನಮ್ಮ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಆತ ಫೋನು ತೆಗೆದು ಪಟ ಹಿಡಿಯತೊಡಗಿದ್ದ. ಆ ದಿನ ತಪ್ಪಿದ ಮಾತು ಮರುದಿನವೂ ತಪ್ಪಿತು. ಮುಂದೆ ಒಂದೊಂದೇ ಅಮೆರಿಕದ ಸಸಿ ಸತ್ತಂತೆ ಒಂದೊಂದು ಕರಡ ಬಂತು, ಮಾತು ಇನ್ನಷ್ಟು ಆಳಕ್ಕೆ ಇಳಿಯಿತು.

ಶಹಾಬುದ್ದೀನನ ಕಣ್ಣು ತಪ್ಪಿಸಲಾಗಲಿಲ್ಲ. ಒಂದು ಮುಂಜಾನೆ ದಂಟೊಂದನ್ನು ಮುರಿದು ಮೂಸಿ ನೋಡಿ, ಆಕೆಯ ಪಕ್ಕ ಬಂದು ಕುಂತ.

"ದಾನಮ್ಮಕ್ಕ, ಈ ಅಮೆರಿಕಾ ಕುರಕುಂಟಾ ಮ್ಯಾಲಿಂದ ಹಾದು ಬಂದದೇನು?"

ದಾನಮ್ಮ ಕಳೆ ತೆಗೆಯುವ ಕುರುಪಿ ಕೆಳಗಿಟ್ಟಳು. "ಸಾಹೇಬ್ರಿಗಿ ಹೇಳ್ತಿ ಏನು, ಅಣ್ಣಾ?"

"ನಾ ಯಾಕ ಹೇಳ್ಲಿ. ಹೇಳೋದಿದ್ರ ನೀವೇ ಹೇಳ್ರಿ. ನನ್ನ ಬಳ್ಳಿ ಗೆಲ್ಲೋದು ಹೆಂಗೂ ಗೆಲ್ತದ."

ಆ ಸೆಪ್ಟೆಂಬರಿನಲ್ಲಿ ಎರಡು ದಿನ ಬಿಡದೆ ಸುರಿದ ಮಳೆಗೆ ಅವನ ಮಾತೇ ನಿಜವಾಗುವಂತೆ ಕಂಡಿತು. ಹುಲ್ಲಿನ ಪೊದೆಗಳ ನಡುವಿನ ಬರಿ ನೆಲದಿಂದ ಮಣ್ಣು ಕೊಚ್ಚಿ ಕ್ಲಬ್ಬಿನ ಶಹಾಬಾದಿ ಕಲ್ಲಿನ ಅಂಗಳವೆಲ್ಲ ರಾಡಿಯಾಯಿತು. ಬಳ್ಳಿಯ ಬದಿಯಿಂದ ಒಂದು ಹಿಡಿ ಮಣ್ಣೂ ಜಾರಲಿಲ್ಲ. ದಾನಮ್ಮ ರಾಡಿ ಬಳಿಯುತ್ತಿದ್ದಾಗ ಶಹಾಬುದ್ದೀನ ತಲೆಯ ಮೇಲೆ ಗೋಣಿಚೀಲ ಹೊದ್ದು ಬಂದು, ಬಳ್ಳಿಯ ತುಂಡುಗಳ ಒಂದು ಕಟ್ಟು ಆಕೆಯ ಮುಂದೆ ಹಾಕಿದ. "ಇಳಿಜಾರಿನ ಬುಡಕ್ಕ ಒಂದು ಸಾಲು ಹಚ್ರಿ. ಮಣ್ಣು ಅಲ್ಲೇ ನಿಲ್ತದ," ಅಂದ. ತಾನೂ ಕುಂತು ಅರ್ಧ ಸಾಲು ಹಚ್ಚಿಯೇ ಹೋದ.

ಬೇಸಿಗೆಯ ಕತೆ ಬೇರೆಯಾಯಿತು. ತೋಟಕ್ಕೆ ನಾಲ್ಕು ದಿನಕ್ಕೊಮ್ಮೆ ನೀರು. ಬೇವಿನ ಗಿಡದ ನೆರಳಲ್ಲಿದ್ದ ಬಳ್ಳಿ ಹಸಿರಾಗಿಯೇ ಉಳಿಯಿತು, ಬಯಲಲ್ಲಿದ್ದದ್ದು ಹಪ್ಪಳದಂತೆ ಸುಟ್ಟುಹೋಯಿತು. ಕರಡ ಒಣಗಿ ಬೆಳ್ಳಗಾದರೂ ನಿಂತೇ ಇತ್ತು. ಮೇ ಕೊನೆಯ ಒಂದೇ ಮಳೆಗೆ ಬುಡದಿಂದ ಹಸಿರು ಚಿಗುರಿತು. ಶಹಾಬುದ್ದೀನ ಮೂರು ದಿನ ಆ ಬದಿಗೆ ನೋಡಲೇ ಇಲ್ಲ. ನಾಲ್ಕನೆಯ ದಿನ ಒಣಹುಲ್ಲು ಕೇಳಿಕೊಂಡು ಬಂದ, ತನ್ನ ಬಳ್ಳಿಯ ಬುಡಕ್ಕೆ ಮುಚ್ಚಲು.

ಎರಡನೆಯ ಚಳಿಗಾಲದಲ್ಲಿ ಎಡಬದಿ ಪೂರಾ ತಾಮ್ರದ ಬಣ್ಣಕ್ಕೆ ತಿರುಗಿತು. ಬೀಜ ತಿನ್ನಲು ಪುಟ್ಟ ಹಕ್ಕಿಗಳ ಹಿಂಡು ಇಳಿಯುತ್ತಿತ್ತು. ಸಂಜೆಯ ಬಿಸಿಲಿಗೆ ಕಾಲೊನಿಯ ಹೆಣ್ಣುಮಕ್ಕಳು ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆನಂದಕುಮಾರನಂತೂ ಬಂದವರಿಗೆಲ್ಲ ಅಮೆರಿಕದ ಬಯಲಿನ ವರ್ಣನೆ ಮಾಡಿ ಮಾಡಿ ದಣಿಯುತ್ತಿರಲಿಲ್ಲ.

ಪ್ರದರ್ಶನದ ದಿನ ಕಲಬುರಗಿಯಿಂದ ತೀರ್ಪುಗಾರರಾಗಿ ಬಂದವರು ಭಾಗ್ಯಜ್ಯೋತಿ ಎಂಬ ತೋಟಗಾರಿಕೆಯ ಅಧ್ಯಾಪಕಿ. ಗುಲಾಬಿ, ಡೇಲಿಯಾ ಎಲ್ಲ ನೋಡಿ ಇಳಿಜಾರಿಗೆ ಬಂದರು. ಒಂದು ತೆನೆ ಕಿತ್ತು ಅಂಗೈಯಲ್ಲಿಟ್ಟು ಎರಡು ಹನಿ ನೀರು ಹಾಕಿದರು. ಬೀಜದ ಉದ್ದನೆಯ ಬಾಲ ಮೆಲ್ಲಗೆ ಸುರುಳಿ ಬಿಚ್ಚಿತು. ಕರಡದ ಗುರುತು ಸಿಕ್ಕು ಅವರ ಮುಖದಲ್ಲಿ ನಗು ಮೂಡಿತು. "ಇದನ್ನ ಹಚ್ಚಿದವರು ಯಾರು?"

ಆನಂದಕುಮಾರ ಹೆಮ್ಮೆಯಿಂದ ದಾನಮ್ಮನನ್ನು ಮುಂದೆ ತಂದು ಕೈಗೆ ಮೈಕು ಕೊಟ್ಟ. ಆಕೆ ಮೈಕು ಹಿಡಿದದ್ದು ಅದೇ ಮೊದಲು. ತನ್ನದೇ ಉಸಿರು ಕಾಲೊನಿಗೆಲ್ಲ ಕೇಳಿಸಿತು. ಸುಮ್ಮನೆ ನಮಸ್ಕಾರ ಹೇಳಿ ಹಿಂದೆ ಸರಿಯಬಹುದಿತ್ತು. ಆದರೆ ಒಂದೂವರೆ ವರ್ಷದ ಮಾತು ತಾನೇ ಹೊರಬಿತ್ತು.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಇದು ನಮ್ಮ ಹೊಲದ ಬದುವಿನ ಕರಡ ಅದರಿ. ನಿಮ್ಮ ಹುಲ್ಲು ಸತ್ತುಹೋತು. ನಾ ಅಂಜಿ ಹೇಳಿಲ್ಲ."

ಆನಂದಕುಮಾರ ಇಳಿಜಾರನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿದ. "ಎಲ್ಲಾ ಸತ್ತಾವೇನು?"

"ಇಲ್ರಿ. ಹನ್ನೊಂದು ಉಳದಾವ."

"ಯಾವ ಹನ್ನೊಂದು?"

ದಾನಮ್ಮ ಬಗ್ಗಿ ಈ ಕಡೆ ನೋಡಿದಳು, ಆ ಕಡೆ ನೋಡಿದಳು. "ಈಗ ನನಗೂ ಗುರ್ತು ಸಿಗವಲ್ದರಿ."

ಮೊದಲು ನಕ್ಕವನು ಆನಂದಕುಮಾರನೇ. ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಂತುಬಿಟ್ಟ. ಆಮೇಲೆ ಜನರ ನಗು ನಿಲ್ಲಿಸುವವರೇ ಇಲ್ಲವಾದರು.

ನಗು ಇಳಿದ ಮೇಲೆ ಭಾಗ್ಯಜ್ಯೋತಿ ಕೇಳಿದರು: "ಅಮ್ಮಾ, ನಿಮ್ಮ ಹುಲ್ಲು ಮೇಲೋ, ಆ ಬಳ್ಳಿ ಮೇಲೋ? ಖರೇ ಹೇಳ್ರಿ."

ಈಗ ದಾನಮ್ಮನಿಗೆ ಅಂಜಿಕೆ ಉಳಿದಿರಲಿಲ್ಲ. "ಬಯಲಾಗ ಬಿಸಿಲಿಗಿ ನನ್ನ ಹುಲ್ಲು. ಅದಕ್ಕ ನೀರು ಬ್ಯಾಡ, ನೆಡೋರೂ ಬ್ಯಾಡ. ಆದ್ರ ಬೀಜ ಸೀರಿಗಿ ಚುಚ್ಚತದ, ಮಕ್ಕಳಾಡೋ ಕಡಿ ಹಚ್ಚಬಾರ್ದು. ನೆರಳಿದ್ದಲ್ಲಿ, ಮಣ್ಣು ಜಾರೋ ಕಡಿ ಶಾಬುದ್ದೀನಣ್ಣನ ಬಳ್ಳೀನೇ ಬೇಕು. ಆದ್ರ ಅದಕ್ಕ ಲಗಾಮಿಲ್ಲರಿ. ವಾರ ವಾರ ಕತ್ತರಸಲಿಲ್ಲಂದ್ರ ಕ್ಲಬ್ಬಿನೊಳಗ ಹೋಗಿ ಕುರ್ಚಿ ಮ್ಯಾಲ ಕುಂದರ್ತದ."

ಹಿಂದೆ ನಿಂತಿದ್ದ ಶಹಾಬುದ್ದೀನ ತಲೆಯ ಟೋಪಿ ಸರಿಮಾಡಿಕೊಂಡು, "ಅಷ್ಟೇನೂ ಇಲ್ಲ ಬಿಡ್ರಿ," ಎಂದು ಗೊಣಗಿದ. ಭಾಗ್ಯಜ್ಯೋತಿ ಇಬ್ಬರಿಗೂ ಸೇರಿಸಿಯೇ ಕೊಟ್ಟ ಬಹುಮಾನದ ಫಲಕವನ್ನು ಒಂದೊಂದು ತುದಿ ಹಿಡಿದು ತೆಗೆದುಕೊಂಡರು. ಆಗ ತೆಗೆದ ಪಟದಲ್ಲಿ ಇಬ್ಬರ ಮುಖವೂ ಅದರ ಹಿಂದೆ ಅರ್ಧ ಮುಚ್ಚಿಹೋಗಿದೆ.

ಮರುದಿನದಿಂದ ಅಂಬಾರಾಯನ ಹೊಲದ ಬದು ನೋಡಲು ಜನ ಬರತೊಡಗಿದರು. ಭಾಗ್ಯಜ್ಯೋತಿಯವರ ಮಾತಿನಿಂದ ಚಿಂಚೋಳಿ ಪಕ್ಕದ ಚಂದಾಪುರದ ಒಂದು ಕಚೇರಿಯವರು ತಮ್ಮ ಅಂಗಳಕ್ಕೂ ಅಂಥದ್ದೇ ತೋಟ ಬೇಕೆಂದು ಹೇಳಿಕಳಿಸಿದರು. ಜೂನಿನ ಮೊದಲ ಮಳೆ ಬಿದ್ದ ವಾರ ಇಬ್ಬರೂ ಚಿಂಚೋಳಿ ಬಸ್ಸು ಹತ್ತಿದರು. ದಾನಮ್ಮನ ಕಾಲ ಬಳಿ ಕರಡದ ಚೀಲ, ಶಹಾಬುದ್ದೀನನ ತೊಡೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಳ್ಳಿ. ಕಚೇರಿಯ ಬಾಗಿಲ ಎದುರಿಗೆ ಯಾವುದು ಇರಬೇಕೆಂದು ಸೇಡಂ ದಾಟುವಾಗ ಶುರುವಾದ ವಾದ ಚಿಂಚೋಳಿಯ ಬಸ್ ನಿಲ್ದಾಣದಲ್ಲಿ ಇಳಿದರೂ ಮುಗಿದಿರಲಿಲ್ಲ. ಕಂಡಕ್ಟರ್ ಚೀಲ ಇಳಿಸಿ ಕೊಡುತ್ತ, ನೀವಿಬ್ಬರೂ ಅಣ್ಣ ತಂಗಿಯೇನು ಎಂದು ಕೇಳಿದ.

"ಹೌದರಿ," ಅಂದಳು ದಾನಮ್ಮ ಹಿರಿಯ ಮಾಲಿಯತ್ತ ಕೈ ಮಾಡಿ, "ಇವನೇ ಸಣ್ಣಾವ, ಅದಕ್ಕ ಹಟ ಜಾಸ್ತಿ."